ಕ್ಯಾಂಪಿನ ನರ್ಸು, ನನ್ನ ಚಿಕ್ಕಮ್ಮ

ಚಿಕ್ಕಮ್ಮನ ಬೆರಳುಗಳು ಸದಾ ಎಣ್ಣೆಯಲ್ಲಿ ಅದ್ದಿ ತೆಗೆದಂತೆ ಮಿರುಗುತ್ತಿದ್ದವು. ಬಸ್ಸಿನ ಟಿಕೆಟ್ಟು ಹಿಡಿದರೆ ಅದಕ್ಕೆ ಜಿಡ್ಡು, ನಮ್ಮ ಮನೆಯ ಲೋಟ ಹಿಡಿದರೆ ಅದಕ್ಕೂ ಜಿಡ್ಡು. "ನೀನು ನರ್ಸಾ, ಎಣ್ಣೆ ಯಾಪಾರದೋಳಾ?" ಎಂದು ಅಮ್ಮ ಬೈಯುವಳು. ಚಿಕ್ಕಮ್ಮ ನಗುವರು.

ತಮಿಳುನಾಡಿನ ಕಂಬಂ ಹತ್ತಿರ, ದ್ರಾಕ್ಷಿ ತೋಟಗಳ ಆಚೆ, ಲಂಕೆಯ ಯುದ್ಧದಿಂದ ತಪ್ಪಿಸಿಕೊಂಡು ದೋಣಿಯಲ್ಲಿ ಬಂದವರ ಕ್ಯಾಂಪಿತ್ತು. ಅಲ್ಲಿನ ಹೆಂಗಸರ ಆರೋಗ್ಯ ನೋಡಿಕೊಳ್ಳುವ ಸಂಸ್ಥೆಯೊಂದರಲ್ಲಿ ಚಿಕ್ಕಮ್ಮ ನರ್ಸಾಗಿದ್ದರು. ಮನೆಯಲ್ಲಿ ನಮ್ಮ ಕನ್ನಡ, ಕ್ಯಾಂಪಿನಲ್ಲಿ ತಮಿಳು. ಒಮ್ಮೊಮ್ಮೆ ನಾನೂ ಜೊತೆಗೆ ಹೋಗುತ್ತಿದ್ದೆ.

ಅವರ ವೈದ್ಯವೆಲ್ಲ ತಲೆಯಿಂದಲೇ ಶುರು. ಬಂದ ಹೆಂಗಸನ್ನು ಮೆಟ್ಟಿಲ ಮೇಲೆ ಕೂರಿಸಿ, ತಾವು ಹಿಂದೆ ಕೂತು, ಎಣ್ಣೆ ಹಚ್ಚಿ ಸಿಕ್ಕು ಬಿಡಿಸುವರು. ಏನಾಯಿತು ಎಂದು ಮಾತ್ರ ಯಾರನ್ನೂ ಕೇಳಿದವರಲ್ಲ. "ಪೊಲೀಸ್ ಕೇಳ್ಯಾಯ್ತು, ಆಫೀಸರ್ ಕೇಳ್ಯಾಯ್ತು. ನಾನೂ ಕೇಳ್ಬೇಕಾ? ಮುಖ ಕಾಣ್ದಿದ್ರೆ ಮಾತು ತಾನಾಗೇ ಬತ್ತದೆ, ಕಣ್ಣು," ಎಂದು ತಮಿಳರಂತೆ ಮುದ್ದಿನಿಂದ ಕರೆದು ಹೇಳುವರು. ಬರುತ್ತಿತ್ತು ಕೂಡ. ಯಾರದೋ ತಂಗಿಯ ಕಥೆಯಾಗಿ ಶುರುವಾದದ್ದು ನಡುವೆ ಎಲ್ಲೋ "ನನ್ನನ್ನ" ಎಂದು ತಿರುಗುತ್ತಿತ್ತು. ಚಿಕ್ಕಮ್ಮನ ಕೈ ನಿಲ್ಲುತ್ತಿರಲಿಲ್ಲ.

ಒಬ್ಬ ಹುಡುಗಿ ಮಾತ್ರ ತುಟಿ ಬಿಚ್ಚಲಿಲ್ಲ. ಕ್ಯಾಂಪಿನಲ್ಲೇ ಮದುವೆಯಾಗಿ ಆಗ ಬಸುರಿ. ಬಾಚಣಿಗೆ ಕಿವಿಯ ಹಿಂದೆ ತಗುಲಿದರೆ ಬೆಚ್ಚುವಳು. ಯುದ್ಧದ ಗಾಯವಿರಬೇಕೆಂದು ಚಿಕ್ಕಮ್ಮ ಆ ಜಾಗ ಬಿಟ್ಟು ಬಾಚುತ್ತಿದ್ದರು. ಆ ಹೆಂಗಸರ ಮೈಮೇಲಿನ ನೋವೆಲ್ಲ ಕಡಲಾಚೆಯದೇ ಎಂದು ಅವರು ನಂಬಿಬಿಟ್ಟಿದ್ದರು. ಗಂಡನ ಹೊಡೆತಕ್ಕೆ ಹೊಟ್ಟೆಯ ಕೂಸು ಹೋಗಿ, ಅವಳನ್ನು ತೇನಿಯ ಆಸ್ಪತ್ರೆಗೆ ಸೇರಿಸಿದಾಗಲೇ ನಿಜ ಗೊತ್ತಾದದ್ದು.

"ಯಾಕಮ್ಮಾ ಹೇಳಲಿಲ್ಲ?" ಎಂದು ಕೇಳಿದರಂತೆ.

"ನೀವ್ ಕೇಳ್ತೀರಿ ಅಂತ ಕಾಯ್ತಿದ್ದೆ ಅಕ್ಕಾ. ನಾನಾಗಿ ಹೆಂಗ್ ಹೇಳ್ಲಿ?"

ಮನೆಗೆ ಬಂದು ಚಿಕ್ಕಮ್ಮ ಊಟ ಮುಟ್ಟಲಿಲ್ಲ. "ಅವ್ಳ ತಲೆ ನನ್ ಕೈಯಾಗೇ ಇತ್ತಲ್ಲಕ್ಕಾ, ಪಾಪಿ ನಾನು," ಎಂದು ಅಮ್ಮನ ಮುಂದೆ ಅತ್ತರು. ಆ ಹುಡುಗಿ ಗಂಡನನ್ನು ಬಿಟ್ಟು, ತಾಯಿಯಿದ್ದ ದಿಂಡುಕ್ಕಲ್ ಕಡೆಯ ಕ್ಯಾಂಪಿಗೆ ಹೋದಳು. ಚಿಕ್ಕಮ್ಮ ಹುಡುಕಿಕೊಂಡು ಹೋದರೆ ಮರ್ಯಾದೆಯಾಗಿ ಟೀ ಕೊಟ್ಟಳು. ಪಕ್ಕದಲ್ಲಿ ಕೂರಲಿಲ್ಲ.

ಅಲ್ಲಿಂದ ಮುಂದೆ ಚಿಕ್ಕಮ್ಮ ಎದುರಿಗೇ ಕೂತು, ನೇರವಾಗಿ ಕೇಳತೊಡಗಿದರು. ಕೆಲವರಿಗೆ ಸಿಟ್ಟು ಬಂತು. "ಬೈದ್ರೆ ಬೈಸ್ಕೊಂತೀನಿ," ಎಂದರು.

ಮದುವೆಯಾಗಿ ತೇವಾರಂಗೆ ಹೋದ ನಾನು ಮೊದಲ ದೀಪಾವಳಿಗೆ ಬಂದಾಗ ಉದ್ದ ತೋಳಿನ ರವಿಕೆ ತೊಟ್ಟಿದ್ದೆ. ಯಾರಿಗೂ ತಿಳಿಯದೆಂದುಕೊಂಡ ಜಾಣೆ ನಾನು. "ಹೊಸ ಮಾದರಿ, ಚೆನ್ನಾಗದೆ," ಎಂದಳು ಅಮ್ಮ. ಚಿಕ್ಕಮ್ಮ ಅಡುಗೆಮನೆಯ ಬಾಗಿಲು ಹಾಕಿ ನನ್ನೆದುರು ಕೂತರು.

"ಹೊಡೀತಾನಾ?"

ಇಲ್ಲವೆಂದೆ. ಎದ್ದು ಹೋಗಲಿಲ್ಲ, ಮತ್ತೆ ಕೇಳಿದರು. ನನಗೆ ಅಳು ತಡೆಯಲಾಗಲಿಲ್ಲ. ಆಮೇಲೆ ಅಪ್ಪನೊಂದಿಗೆ, ಊರ ಹಿರಿಯರೊಂದಿಗೆ ಜಗಳವಾಡಿದವರೂ ಅವರೇ. ನಾನು ತೇವಾರಂಗೆ ಮರಳಿ ಹೋಗಲಿಲ್ಲ. ನನ್ನನ್ನು ಕೇಳಿದಂತೆ ಆ ಹುಡುಗಿಯನ್ನೂ ಕೇಳಿದ್ದರೆ ಎಂದು ಈಗಲೂ ಅಂದುಕೊಳ್ಳುತ್ತೇನೆ. ಅವಳ ಕೂಸು ಹೋದದ್ದರಿಂದಲ್ಲವೇ ನಾನು ಉಳಿದದ್ದು.

ಚಿಕ್ಕಮ್ಮ ಹೋದ ವರ್ಷ ತೀರಿಕೊಂಡರು. ಕೊನೆಗೊನೆಗೆ ಮಂಪರಿನಲ್ಲಿ ನನ್ನ ಕೈ ಹಿಡಿದು, "ಹೊಡೀತಾನಾ, ಕಣ್ಣು?" ಎಂದು ತಮಿಳಿನಲ್ಲಿ ಕೇಳುತ್ತಿದ್ದರು. ಕೇಳುತ್ತಿದ್ದುದು ನನ್ನನ್ನಲ್ಲ, ಆ ಹುಡುಗಿಯನ್ನು ಎಂದು ನನಗೆ ಗೊತ್ತಿತ್ತು.

"ಇಲ್ಲ ಅಕ್ಕಾ, ಈಗ ಚೆನ್ನಾಗಿದ್ದೀನಿ," ಎಂದು ನಾನೂ ತಮಿಳಿನಲ್ಲೇ ಹೇಳುತ್ತಿದ್ದೆ. ಅವಳ ಪರವಾಗಿ ಹಾಗೆ ಹೇಳುವ ಹಕ್ಕು ನನಗಿತ್ತೋ ಇಲ್ಲವೋ ತಿಳಿಯದು.