ನಲ್ಲಿಯ ತನಕ

ಪೀಂ... ಪೀಂ... ಪೀಂ...

ಭಾನುವಾರ ಬೆಳಿಗ್ಗೆ ನೆಲಮಾಳಿಗೆಯಿಂದ ಈ ಸದ್ದು ಕೇಳಿಸಿತೆಂದರೆ ಕರ್ಟನ್ ಅಕ್ಕ ಕಾರನ್ನು ಹಿಂದಕ್ಕೆ ತೆಗೆಯುತ್ತಿದ್ದಾಳೆ, ಇನ್ನು ತೊಳೆಯಲು ಹೋಗುತ್ತಾಳೆ ಎಂದು ಇಡೀ ಅಪಾರ್ಟ್‌ಮೆಂಟಿಗೆ ಗೊತ್ತಾಗುತ್ತಿತ್ತು. ಮೊದಲನೇ ಮಹಡಿಯ ಅಜ್ಜಿ ಮಗ್ಗುಲು ಬದಲಿಸಿ, "ಆ ಕಾರಿನ ಚರ್ಮ ಕಿತ್ತು ಬರೋ ತನಕ ಬಿಡೋಳಲ್ಲ ಇವಳು," ಎಂದು ಗೊಣಗುತ್ತಿದ್ದರು.

ಕಟ್ಟಡದ ಅರ್ಧದಷ್ಟು ಕಿಟಕಿಗಳಿಗೆ ಪರದೆ ಹೊಲಿದುಕೊಟ್ಟವಳು ಅವಳೇ, ಅದಕ್ಕೇ ಆ ಹೆಸರು. ಹೊಲಿಗೆ ಯಂತ್ರದ ಕಾಯಂ ಜಾಗ ಊಟದ ಮೇಜು. ಊಟಕ್ಕೆ ಕೂತವರು ಬಟ್ಟೆಯ ರಾಶಿಯನ್ನು ಪಕ್ಕಕ್ಕೆ ತಳ್ಳಿ ತಟ್ಟೆಗೆ ಜಾಗ ಮಾಡಿಕೊಳ್ಳಬೇಕಿತ್ತು. ಗಂಡನಿಗೆ ಕನ್ನಡಕದ ಅಂಗಡಿ. ಒಳ್ಳೆಯ ಮನುಷ್ಯ. ಹೆಂಡತಿಯನ್ನಾಗಲಿ ಕಾರನ್ನಾಗಲಿ ಎಂದೂ ಗದರಿದವನಲ್ಲ.

ನಲವತ್ತೆಂಟನೇ ವಯಸ್ಸಿನಲ್ಲಿ ಅವಳು ಡ್ರೈವಿಂಗ್ ಕಲಿತು, ಒಂದೇ ಏಟಿಗೆ ಲೈಸೆನ್ಸ್ ಪಡೆದಳು. ಅದೇ ಸಂಜೆ ಕಾರಿನ ಪಕ್ಕದ ಕನ್ನಡಿ ನೆಲಮಾಳಿಗೆಯ ಕಂಬಕ್ಕೆ ಮುತ್ತಿಟ್ಟಿತು. ಗಾಯ ಸಾಸಿವೆಕಾಳಿನಷ್ಟು. ಗಂಡ ಎರಡು ಬಗೆಯ ಕನ್ನಡಕ ಹಾಕಿಕೊಂಡು ಅದನ್ನು ನೋಡಿದ. ಬಯ್ಯಲಿಲ್ಲ. "ಈ ರಸ್ತೆಗಳೊಂದು ಸರಿಹೋಗ್ಲಿ, ಆಮೇಲೆ ನೀನೇ ಓಡ್ಸು," ಎಂದ. ಬೈದಿದ್ದರೆ ತಿರುಗಿ ಬಯ್ಯಬಹುದಿತ್ತು. ಇಷ್ಟು ಮೆತ್ತಗೆ ಹೇಳಿದವನ ಜೊತೆ ಜಗಳ ಶುರುಮಾಡುವುದಾದರೂ ಎಲ್ಲಿಂದ? ರಸ್ತೆ ಸರಿಹೋಗಲಿಲ್ಲ. ಆಮೇಲೆ ಮಳೆ ಬಂತು, ಮಳೆ ನಿಂತ ಮೇಲೆ ಟ್ರಾಫಿಕ್ ಜಾಸ್ತಿಯಾಯಿತು.

ಉಳಿದದ್ದು ಒಂದೇ ದಾರಿ. ಕಾರು ತೊಳೆಯುವ ನಲ್ಲಿ ಇದ್ದದ್ದು ಮೇಲೆ, ಗೇಟಿನ ಪಕ್ಕ, ವಾಚ್‌ಮನ್ ಕೋಣೆಯ ಗೋಡೆಯಲ್ಲಿ. ಭಾನುವಾರ ಗಂಡ ಬಿಸಿಲು ನೆತ್ತಿಗೆ ಬರುವ ತನಕ ಏಳುವವನಲ್ಲ. "ಕಾರು ತೊಳ್ಕೊಂಡು ಬರ್ತೀನಿ ರೀ," ಎಂದರೆ ಹೊದಿಕೆಯೊಳಗಿಂದ ಒಂದು "ಹೂಂ" ಬರುತ್ತಿತ್ತು. ಅಷ್ಟು ಸಾಕಿತ್ತು ಅವಳಿಗೆ.

ಎರಡು ಕಂಬಗಳ ನಡುವಿನಿಂದ ಬೆಣ್ಣೆಯಿಂದ ಕೂದಲು ತೆಗೆದಂತೆ ಕಾರನ್ನು ಹೊರತೆಗೆದು, ಲಿಫ್ಟಿನ ಬಳಿ ತಿರುಗಿಸಿ, ಇಳಿಜಾರು ಹತ್ತಿಸಿದರೆ ಬೆಳಕು ಒಮ್ಮೆಲೇ ಮುಖದ ಮೇಲೆ ಬೀಳುತ್ತಿತ್ತು. ವಾರವಿಡೀ ಪರದೆಗಳ ಅಂಚು ಮಡಿಸುವಾಗ ಅವಳ ಬಲಗಾಲು ಯಂತ್ರದ ಪೆಡಲಿನ ಮೇಲೆ ಆ ಬೆಳಕಿಗಾಗಿ ಕಾಯುತ್ತಿತ್ತು. ನೇರವಾಗಿ ಹೋದರೆ ನಲ್ಲಿ ಬೇಗ ಬಂದುಬಿಡುತ್ತದೆಂದು ಕಟ್ಟಡವನ್ನು ಒಂದು ಸುತ್ತು ಹಾಕಿಯೇ ಹೋಗುತ್ತಿದ್ದಳು. ಎರಡನೇ ಗೇರಿನ ತನಕ ಜಾಗವಿತ್ತು, ಮೂರನೆಯದಕ್ಕಿರಲಿಲ್ಲ. ತೊಳೆಯುವ ಕೆಲಸ ಮಾತ್ರ ಅಷ್ಟಕ್ಕಷ್ಟೇ: ಅರ್ಧ ಬಕೆಟ್ ನೀರು, ಆ ಕಡೆ ಈ ಕಡೆ ಬಟ್ಟೆ ಆಡಿಸಿದರೆ ಮುಗಿಯಿತು.

ಬರಬರುತ್ತಾ ಭಾನುವಾರವೊಂದೇ ಸಾಲದಾಯಿತು. ಬುಧವಾರ ಬೆಳಿಗ್ಗೆ, ಗಂಡ ಅಂಗಡಿಗೆ ಹೊರಡುವ ಮುಂಚೆಯೂ ತೊಳೆಯತೊಡಗಿದಳು. ತೊಳೆಯಬೇಕಾದರೆ ಕೊಳೆ ಬೇಕಲ್ಲ? ಹಿಂದಿನ ಸಂಜೆ ಬ್ರೆಡ್ಡಿನ ಚೂರುಗಳನ್ನು ಕಾರಿನ ಮೇಲೆ ಉದುರಿಸಿ ಬರುತ್ತಿದ್ದಳು. ಉಳಿದ ಕೆಲಸವನ್ನು ನೆಲಮಾಳಿಗೆಯ ಪಾರಿವಾಳಗಳು ಚಾಚೂ ತಪ್ಪದೆ ಮಾಡುತ್ತಿದ್ದವು.

"ಈ ಹಾಳು ಪಾರಿವಾಳಗಳಿಗೆ ಇಡೀ ಬೇಸ್‌ಮೆಂಟಲ್ಲಿ ನಮ್ಮ ಕಾರೇ ಕಾಣೋದಾ?"

"ನಮ್ಮದೇ ತಾನೇ ಹೊಳೆಯೋದು, ಅದಕ್ಕೆ."

ಗಂಡ ಉಬ್ಬಿಹೋದ. ಅಂಗಡಿಗೆ ಬಂದವರಿಗೆಲ್ಲ ಕನ್ನಡಕ ತೊಡಿಸುತ್ತಾ, "ನಮ್ಮನೆಯವಳಿಗೆ ಕಾರಂದ್ರೆ ಪ್ರಾಣ," ಎಂದು ಹೇಳಿಕೊಂಡ. ಆದರೆ ವಾರಕ್ಕೆರಡು ಸಲ ಅವಳು ಅಷ್ಟು ದೂರ ಕಾರು ಕೊಂಡೊಯ್ದು ತರುವ ಪಾಡನ್ನು ಅವನಿಂದ ನೋಡಲಾಗಲಿಲ್ಲ. ಅವಳಿಗೆ ಸುಳಿವು ಕೊಡದೆ ಅಪಾರ್ಟ್‌ಮೆಂಟಿನ ಸೆಕ್ರೆಟರಿಯ ಬೆನ್ನು ಹತ್ತಿದ.

ಒಂದು ಭಾನುವಾರ ಅವಳಿಗಿಂತ ಮುಂಚೆ ಎದ್ದು, "ಬಾ ಕೆಳಗೆ, ಏನೂ ಕೇಳ್ಬೇಡ," ಎಂದು ಕರೆದೊಯ್ದ. ಅವರ ಕಾರಿನ ಪಕ್ಕದ ಕಂಬದಲ್ಲಿ ಒಂದು ನಲ್ಲಿ, ನಲ್ಲಿಗೊಂದು ಉದ್ದನೆಯ ಹಸಿರು ಪೈಪು. ಪಕ್ಕದಲ್ಲಿ ಸೆಕ್ರೆಟರಿ, ಮದುಮಗನ ಹಾಗೆ ಕೈಕಟ್ಟಿ ನಿಂತಿದ್ದ.

"ನಿನಗೋಸ್ಕರ ಕಣೇ! ಮೀಟಿಂಗಲ್ಲಿ ಗಂಟಲು ಹರ್ಕೊಂಡಿದ್ದೀನಿ. ಇನ್ಮೇಲೆ ಕಾರನ್ನ ಅಲ್ಲಾಡಿಸೋದೇ ಬೇಡ," ಎಂದು ಗಂಡ ಪೈಪನ್ನು ಅವಳ ಕೈಗಿಟ್ಟ.

ಅವಳು ಇಳಿಜಾರಿನ ಕಡೆ ನೋಡಿದಳು. "ಮೇಲಿನ ನಲ್ಲಿ?"

"ಅದನ್ನೇ ಕಿತ್ತು ಇಲ್ಲಿಗೆ ಹಾಕ್ಸಿದ್ದು ಆಂಟಿ," ಎಂದ ಸೆಕ್ರೆಟರಿ.

"ಇಲ್ಲಿ ಗಾಳಿ ಆಡಲ್ವಲ್ಲ. ಕಾರು ಒಣಗಲ್ಲ."

"ಒಂದು ಫ್ಯಾನ್ ಹಾಕ್ಸಿದ್ರಾಯ್ತು," ಎಂದ ಗಂಡ.

"ಕತ್ತಲೆ ಬೇರೆ. ಕಲೆ ಎಲ್ಲಿ ಕಾಣತ್ತೆ?"

"ದೊಡ್ಡ ಬಲ್ಬ್ ಹಾಕ್ಸೋಣ ಆಂಟಿ, ಅದೇನು ಮಹಾ!"

ಇಬ್ಬರ ಮುಖದಲ್ಲೂ ಎಂಥ ಸಂತೋಷ! ಅವಳಿಗೆ ತಡೆಯಲಾಗಲಿಲ್ಲ.

"ನಂಗೆ ಕಾರು ತೊಳೆಯೋದಂದ್ರೇನೇ ಆಗಲ್ಲ ರೀ."

ಗಂಡನ ನಗು ಅಲ್ಲೇ ನಿಂತಿತು. "ಮತ್ತೆ ಇಷ್ಟು ದಿನ?"

"ಓಡ್ಸೋಕೆ. ನಲ್ಲಿ ತನಕ ಹೋಗೋದು, ವಾಪಸ್ ಬರೋದು. ನೀವು ಕೊಟ್ಟಿರೋ ರಸ್ತೆ ಅಷ್ಟೇ ತಾನೇ?"

"ಮತ್ತೆ ಆ ಪಾರಿವಾಳಗಳು?"

"ಅವಕ್ಕೆ ಬ್ರೆಡ್ ಹಾಕ್ತಿದ್ದಿದ್ದು ನಾನೇ."

ಸೆಕ್ರೆಟರಿ ನಲ್ಲಿಯ ಕಡೆ ತಿರುಗಿ ಕೆಮ್ಮಿದ. ಗಂಡ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡ.

"ಒಂದು ಮಾತು ಹೇಳ್ಬಾರ್ದಿತ್ತಾ? ಓಡಿಸ್ಬೇಡ ಅಂತ ನಾನೆಲ್ಲಿ ಅಂದೆ? ಈಗ ಮುಂದಿನ ತಿರುವಲ್ಲಿ ಅಗೀತಿದ್ದಾರೆ, ಅದೊಂದು ಮುಗೀಲಿ..."

"ಇವತ್ತು ಭಾನುವಾರ ಸಾರ್, ರಸ್ತೆ ಖಾಲಿ ಇರತ್ತೆ," ಎಂದ ಸೆಕ್ರೆಟರಿ.

"ಖಾಲಿ ಇರತ್ತೆ ಅಂತಾನೇ ಎಲ್ರೂ ಭಾನುವಾರ ಹೊರಗೆ ಬರೋದು ಕಣ್ರೀ! ಸಿಗ್ನಲ್ ಹತ್ರ ಏನಾಗತ್ತೆ ಗೊತ್ತಾ?"

"ಇದನ್ನ ಹಿಡ್ಕೊಳ್ಳಿ," ಎಂದು ಅವಳು ಪೈಪನ್ನು ಅವನ ಕೈಗೆ ಕೊಟ್ಟಳು. ಅವನು ಹಿಡಿದುಕೊಂಡ, ಮಾತು ನಿಲ್ಲಿಸಲಿಲ್ಲ. ನಲ್ಲಿ ತಿರುಗಿಸಿ, ಧೂಳು ಹಿಡಿದ ನೆಲದ ಮೇಲೆ ನೀರಿನಲ್ಲೇ ರಸ್ತೆಗಳನ್ನು ಬರೆದು ಸೆಕ್ರೆಟರಿಗೆ ತೋರಿಸತೊಡಗಿದ. "ನೋಡಿ, ಇದು ದೊಡ್ಡ ರಸ್ತೆ. ಇಲ್ಲಿಂದ ಬಸ್ಸು ನುಗ್ಗತ್ತೆ, ಈ ಕಡೆಯಿಂದ ಆಟೋ, ಇವಳು ಬಲಕ್ಕೆ ತಿರುಗ್ಬೇಕು ಅಂತಿಟ್ಕೊಳ್ಳಿ, ಆಗ..."

ಬೀಗದ ಕೈ ಅವಳ ಬಳಿಯೇ ಇತ್ತು. ಬಟ್ಟೆ ಒದ್ದೆಯಾಗದಂತೆ ನೆರಿಗೆ ಎತ್ತಿ ಹಿಡಿದು, ಅವಳು ಆ ಸಿಗ್ನಲನ್ನು ದಾಟಿಕೊಂಡು ಕಾರಿನ ಕಡೆಗೆ ನಡೆದಳು.