ತಂಗಿಗೆ ಬಂದ ಬಯಕೆ ಬುತ್ತಿ

ನನ್ನ ತಂಗಿ ಬಸುರಿಯಲ್ಲ ಎಂದು ನಾನು ಹೇಳಬೇಕಿತ್ತು, ಹೇಳಲಿಲ್ಲ. ಅವಳು ಹೆತ್ತ ಅವಳಿ ಮಕ್ಕಳು ನಡೆದಾಡುತ್ತಿದ್ದರೂ ಹೊಟ್ಟೆ ಜೋತುಬಿದ್ದೇ ಇತ್ತು. ಅದನ್ನು ಕಂಡ ಪಕ್ಕದ ಮನೆಯ ಅಜ್ಜಿ ಬಸುರಿಗೆಂದು ಹೋಳಿಗೆಯ ಬಯಕೆ ಬುತ್ತಿ ಕಟ್ಟಿಕೊಂಡು ಬಂದರು.

"ಎಷ್ಟ ತಿಂಗಳಾತವಾ?" ಎಂದರು. ನಾನು ನಕ್ಕುಬಿಟ್ಟೆ. ತಂಗಿ ಕೈಚಾಚಿ ಬುತ್ತಿ ತೆಗೆದುಕೊಂಡಳು.

ಹಿಂದಿನ ವಾರವಷ್ಟೇ ಅವಳು, ಹೊಟ್ಟೆಯ ಸಡಿಲಾದ ಚರ್ಮ ತೆಗೆಸುವ ಆಪರೇಷನ್ ಬಗ್ಗೆ ಡಾಕ್ಟರನ್ನು ಕೇಳಲು ಹುಬ್ಬಳ್ಳಿಗೆ ಜೊತೆಗೆ ಬಾ ಎಂದಿದ್ದಳು. "ಯಾರಿಗೆ ತೋರಸಾಕಲೇ ಅದು?" ಎಂದು ಹಂಗಿಸಿದ್ದೆ.

ಅಜ್ಜಿ ಹೋದ ಮೇಲೆ ಕೇಳಿದೆ, "ಯಾಕ ಇಸ್ಕೊಂಡಿ?"

"ಬಸುರಿಲ್ಲ ಅಂತ ಎಷ್ಟ ಮಂದಿಗೆ ಹೇಳ್ಲಿ ಅಕ್ಕಾ? ಸಾಕಾಗೇತಿ."

ತಿನ್ನಲು ಎತ್ತಿಕೊಂಡಿದ್ದ ಹೋಳಿಗೆಯನ್ನು ಬುತ್ತಿಗೇ ವಾಪಸ್ ಇಟ್ಟೆ. ತಂಗಿಯ ಕೈ ಹಿಡಿದು, "ಡಾಕ್ಟರ್ ಏನರ ಹೇಳ್ಲಿ, ಕೇಳಾಕ ನಾ ಬರ್ತೀನಿ. ನಂದ ತಪ್ಪಾತವಾ" ಎಂದೆ.