ದೊರೆ ಇಳಿಸಿಟ್ಟ ಭಾರ

ಹೊರುವುದಕ್ಕೆ ಆಳುಗಳು ಸಾಲುಗಟ್ಟಿ ನಿಂತಿರುವಾಗ ತನ್ನ ಗಂಟನ್ನು ತಾನೇ ಹೊರುತ್ತೇನೆ ಎಂದು ಹಟ ಹಿಡಿದ ದೊರೆಯನ್ನು ವಯನಾಡಿನಲ್ಲಿ ಅದುವರೆಗೆ ಯಾರೂ ಕಂಡಿರಲಿಲ್ಲ. ಎರಡನೇ ಮಹಾಯುದ್ಧ ಮುಗಿದ ಮರುವರ್ಷದ ಮಾತು. ಪಯ್ಯಂಪಳ್ಳಿಯ ಆಚೆಗಿದ್ದ ಒಂದು ಕಾಫಿ ಎಸ್ಟೇಟಿನ ಮ್ಯಾನೇಜರಾಗಿದ್ದ ಆ ಬಿಳಿ ದೊರೆಗೆ ಮೀನಿನ ಹುಚ್ಚು. ತಿನ್ನುವ ಹುಚ್ಚಲ್ಲ, ಹಿಡಿಯುವ ಹುಚ್ಚು. ಎರೆಹುಳ ಚುಚ್ಚಿ ಹಿಡಿಯುವುದು ಅವನಿಗೆ ಅವಮಾನ. ಗಾಳಕ್ಕೆ ಹಕ್ಕಿಯ ಗರಿ ಕಟ್ಟಿ, ನೀರಿನ ಮೇಲೆ ಹುಳ ಬಂದು ಕೂತ ಹಾಗೆ ಎಸೆದು, ಮೀನಿಗೆ ಮೋಸ ಮಾಡಿ ಹಿಡಿಯಬೇಕು. ಆ ಗರಿಗಾಳಗಳನ್ನು ಕಟ್ಟಿಕೊಡುತ್ತಿದ್ದವಳು ಮಲ್ಲಿಗಮ್ಮ. ಈ ಕಥೆ ಅವಳದು. ದೊರೆಯ ಕಥೆ ಎಂದು ಯಾರಾದರೂ ಅಂದುಕೊಂಡರೆ ನನಗೆ ಸಿಟ್ಟು ಬರುತ್ತದೆ.

ಮಲ್ಲಿಗಮ್ಮ ಗುಂಡ್ಲುಪೇಟೆ ಕಡೆಯವಳು. ತವರಿನಲ್ಲಿ ಹೂ ಕಟ್ಟಿ ಮಾರುವುದು ಕಸುಬು. ತಿರುವಿದಾಂಕೂರಿನಿಂದ ಜನ ಲಾರಿ ಲಾರಿಗಟ್ಟಲೆ ಬಂದು ಇಲ್ಲಿನ ಕಾಡು ಕಡಿದು ಮರಗೆಣಸು ನೆಡುತ್ತಿದ್ದ ಕಾಲದಲ್ಲಿ, ಅವಳೂ ಅವಳ ಗಂಡ ಕರಿಯಪ್ಪನೂ ಕಂಕುಳಲ್ಲಿ ಹೆಣ್ಣು ಕೂಸನ್ನು ಇಟ್ಟುಕೊಂಡು ಕಾಡು ದಾಟಿ ಬಂದರು. ಕೂಸಿನ ಹೆಸರು ಪುಟ್ಟಗೌರಿ. ಪನಮರಂ ಸಂತೆಯಲ್ಲಿ ಮೇಸ್ತ್ರಿಯೊಬ್ಬ ಅವರನ್ನು ಎಸ್ಟೇಟಿನ ಕೆಲಸಕ್ಕೆ ಹಿಡಿದ. ಅವರ ಜೊತೆಯಲ್ಲೇ ಬಂದಿದ್ದ ಇನ್ನೊಬ್ಬನಿಗೆ ದಾರಿಯಲ್ಲಿ ಜ್ವರ ಬಂತು. ಮೇಸ್ತ್ರಿ ಅವನ ಹೆಸರನ್ನು ಹೊಡೆದುಹಾಕಿ, ಗಂಟುಮೂಟೆ ಸಮೇತ ರಸ್ತೆ ಬದಿಯಲ್ಲಿ ಇಳಿಸಿ ಮುಂದೆ ನಡೆದ. ಕರಿಯಪ್ಪ ತಿರುಗಿ ತಿರುಗಿ ನೋಡುತ್ತಾ ಹೋದನಂತೆ. ವಯನಾಡು ಅವನಿಗೆ ಕಲಿಸಿದ ಮೊದಲ ಪಾಠ ಅದು: ಜ್ವರ ಬಂದರೆ ಬಾಯಿ ಬಿಡಬಾರದು.

ಎಸ್ಟೇಟಿನಲ್ಲಿ ಕೂಲಿಗಳಿಗೆಂದು ಕಟ್ಟಿದ್ದ ಲೈನುಮನೆಯ ಮುಂದೆ ಒಂದು ಭಾನುವಾರ ಅವಳು ಕನಕಾಂಬರ ಕಟ್ಟುತ್ತಿದ್ದುದನ್ನು ದೊರೆ ಕುದುರೆಯ ಮೇಲಿಂದ ಕಂಡ. ಇಳಿದು ಬಂದು, ಬೆರಳು ಆಡುವ ಚಂದ ನೋಡುತ್ತಾ ನಿಂತ. ಮರುದಿನ ಬಂಗಲೆಗೆ ಕರೆಸಿ ರೇಷ್ಮೆ ನೂಲು, ಸಣ್ಣ ಗಾಳಗಳು, ಕಾಡುಹುಂಜದ ಕತ್ತಿನ ಗರಿ ಕೊಟ್ಟು, ತನ್ನ ಸೀಮೆಯಿಂದ ಬಂದ ಮಾದರಿ ಒಂದನ್ನು ಮುಂದಿಟ್ಟ. ಕಾಡುಹುಂಜದ ಕತ್ತಿನ ಗರಿಯ ಮೇಲೆ ಮೇಣ ತೊಟ್ಟಿಕ್ಕಿದಂಥ ಹೊಳೆಯುವ ಚುಕ್ಕೆಗಳಿರುತ್ತವೆ. ಆ ಚುಕ್ಕೆ ಕಣ್ಣಿನ ಹಾಗೆ ಕಾಣುವಂತೆ ಕಟ್ಟಬೇಕು. ಮಲ್ಲಿಗಮ್ಮ ಮಾದರಿಗಿಂತ ಬಿಗಿಯಾಗಿ ಕಟ್ಟಿದಳು. ಆಮೇಲೆ ಅವಳನ್ನು ಹಣ್ಣು ಕೀಳಲು ಕಳಿಸಲಿಲ್ಲ, ಬಂಗಲೆಯ ಜಗಲಿಯೇ ಅವಳ ಜಾಗವಾಯಿತು.

ಅಲ್ಲಿ ಕೂತೇ ಅವಳು ದೊರೆಯ ತಯಾರಿಯನ್ನೆಲ್ಲ ಕಂಡಳು. ಬೆಟ್ಟದ ಮೇಲೆ ಹೊಳೆ ಹುಟ್ಟುವಲ್ಲಿಗೆ, ದಾರಿಯೇ ಇಲ್ಲದ ಕಡೆಗೆ, ನಡೆದೇ ಹೋಗಬೇಕು. ಅಲ್ಲಿನ ಮಡುಗಳಲ್ಲಿ ಅಂಗೈಯಗಲದ ಹುರುಪೆಯ ಮೀನಿವೆ ಎಂದು ಅವನಿಗೆ ಯಾರೋ ಹೇಳಿದ್ದರು. ಆನೆ ಬೇಡ, ಕೂಲಿಗಳು ಬೇಡ, ದಾರಿ ತೋರಿಸಲು ಒಬ್ಬ ಸಾಕು, ಮಿಕ್ಕದ್ದೆಲ್ಲ ತನ್ನ ಬೆನ್ನ ಮೇಲೆ. ಕಾಫಿ ಹಣ್ಣು ತೂಗುವ ತಕ್ಕಡಿಯನ್ನು ಜಗಲಿಗೆ ತರಿಸಿ ಒಂದೊಂದು ಸಾಮಾನನ್ನೂ ತೂಗಿದ. ಚಮಚ ತೂಗಿದ. ಬಾಚಣಿಗೆಯನ್ನು ಅರ್ಧಕ್ಕೆ ಕತ್ತರಿಸಿದ. ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನೂ ಮುರಿದ. ಲೈನುಮನೆಯವರು ಹೊಟ್ಟೆ ಹುಣ್ಣಾಗುವಂತೆ ನಕ್ಕರು.

ತೂಗಿ ತೂಗಿ ಕೊನೆಗೆ ಉಳಿದದ್ದು ಸೊಳ್ಳೆಪರದೆ ಮತ್ತು ಜ್ವರದ ಮಾತ್ರೆಯ ಡಬ್ಬಿ. ಎರಡೂ ಸೇರಿ ಚೀಲವನ್ನು ಭಾರ ಮಾಡುತ್ತಿದ್ದವು. ಹೊಳೆಯ ಮೇಲ್ಗಡೆ ಕೆಟ್ಟ ಜ್ವರ ಇದೆ ಎಂದು ಕೆಲವರು, ಇಲ್ಲ ಎಂದು ಕೆಲವರು. ದೊರೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಶಂಕರನ್‌ನ ಜೊತೆ ಬಹಳ ಹೊತ್ತು ಮಾತಾಡಿದ. ಅವರ ಇಂಗ್ಲಿಷು ಮಲ್ಲಿಗಮ್ಮನಿಗೆ ತಿಳಿಯಲಿಲ್ಲ. ಇಬ್ಬರೂ ನಡುನಡುವೆ ತನ್ನ ಕಡೆ ನೋಡಿದ್ದು ಮಾತ್ರ ತಿಳಿಯಿತು.

ಸಂಜೆ ಶಂಕರನ್ ಲೈನುಮನೆಗೆ ಬಂದ. ಮಲಯಾಳ ಬೆರೆಸಿ ಹರಕು ಮುರುಕು ಕನ್ನಡ ಆಡುವವನು. ಗಂಡ ಹೆಂಡತಿ ಹೊಳೆಯ ಮೇಲಿನ ತಿರುವಿನಲ್ಲಿ ಗುಡಿಸಲು ಹಾಕಿಕೊಂಡು ದೊರೆ ಬರುವ ತನಕ ಇರಬೇಕು ಎಂದ. ಕರಿಯಪ್ಪ ದಾರಿಯ ಮುಳ್ಳು ಸವರಬೇಕು, ಅವಳು ಗರಿಗಾಳ ಕಟ್ಟಬೇಕು. ಅಕ್ಕಿ, ಕಂಬಳಿ, ಸಂಬಳ ಎಸ್ಟೇಟಿನದು. ದೊರೆ ಮೀನು ಹಿಡಿದು ಬಂದ ಮೇಲೆ ಎಸ್ಟೇಟಿನ ಅಂಚಿನ ಗದ್ದೆಯಲ್ಲಿ ಎರಡು ಎಕರೆ ಅವರದು. ಕರಿಯಪ್ಪನ ಮುಖ ಇಷ್ಟಗಲವಾಯಿತು. ಹುಟ್ಟಿದಾಗಿನಿಂದ ಬೇರೆಯವರ ಹೊಲ ಉತ್ತವನಿಗೆ ಎರಡು ಎಕರೆ ಗದ್ದೆ ಎಂದರೆ ಏನೆಂದು ಬಿಡಿಸಿ ಹೇಳಬೇಕೆ?

ದೊಡ್ಡ ಮಳೆ ಮುಗಿದದ್ದೇ ಮೂವರೂ ಹತ್ತಿ ಹೋದರು. ಜಾಗ ಚಂದವಾಗಿತ್ತು, ಹೊಳೆ ತಿಳಿಯಾಗಿತ್ತು. ವಾರಕ್ಕೊಮ್ಮೆ ಶಂಕರನ್ ಅಕ್ಕಿ ತಂದು ಆಚೆ ದಡದ ಬಂಡೆಯ ಮೇಲೆ ಇಡುತ್ತಿದ್ದ. ಒಮ್ಮೆಯೂ ದಾಟಿ ಬರುತ್ತಿರಲಿಲ್ಲ. ಅಲ್ಲಿಂದಲೇ ಬಾಯಿಗೆ ಕೈ ಅಡ್ಡ ಹಿಡಿದು ಕೂಗುತ್ತಿದ್ದ.

“ಕರಿಯಪ್ಪಾ, ಪನಿ ಉಂಡೋ? ಜ್ವರ ಗಿರ ಬಂತೋ?”

“ಇಲ್ಲಾ ಸ್ವಾಮಿ, ಚೆಂದಾಗೀವಿ!”

ಎಂಥ ಒಳ್ಳೆಯ ಮನುಷ್ಯ, ಎಷ್ಟೊಂದು ಕಾಳಜಿ ಎಂದು ಮಲ್ಲಿಗಮ್ಮ ಅಂದುಕೊಂಡಳಂತೆ. ಆ ಮಾತು ಹೇಳುವಾಗ ಅವಳು ಹಲ್ಲು ಕಚ್ಚಿದ್ದನ್ನು ನಾನು ನೋಡಿದ್ದೇನೆ.

ಪುಟ್ಟಗೌರಿಗೆ ಮೊದಲು ನಡುಕ ಬಂತು, ಆಮೇಲೆ ಕಾದ ಹಂಚಿನಂಥ ಮೈ, ಆಮೇಲೆ ಬೆವರು. ಮರುದಿನ ಆಟವಾಡಿತು. ಅದರ ಮರುದಿನ ಮತ್ತೆ ನಡುಕ. ಆ ಕಾಡಿನ ಹಾಡಿಯವನಾದ ಕೆಂಚ, ಜೇನಿಗೆ ಹೋಗುವ ದಾರಿಯಲ್ಲಿ ಬಂದವನು, ಕೂಸನ್ನು ಮುಟ್ಟಿ ನೋಡಿದ. ಯಾವುದೋ ತೊಗಟೆಯ ಕಷಾಯ ಕಾಯಿಸಿ ಕುಡಿಸಿದ.

“ನೀವು ಇಲ್ಲಿ ಕೂರ್‌ಬಾರ್ದು,” ಎಂದ. “ಕೂಸ್ನ ಎತ್ಕೊಂಡು ಕೆಳಗೆ ಹೋಗಿ.”

ಮಲ್ಲಿಗಮ್ಮ ಎದ್ದು ಸೀರೆ ಬಿಗಿದಳು. ಎಸ್ಟೇಟಿನಲ್ಲಿ ಕಾಂಪೌಂಡರ್ ಇದ್ದ, ಮಾತ್ರೆ ಇತ್ತು. ಕರಿಯಪ್ಪ ಬಾಗಿಲಿಗೆ ಅಡ್ಡ ನಿಂತ.

“ಜರ ಅಂದ್ರ ಹೆಸ್ರು ಹೊಡ್ದಾಕ್ತಾರ. ಗದ್ದೆ ವೋಯ್ತದ. ಒಸಿ ತಡ್ಕ, ಇಳೀತದ.”

“ಇಳೀದಿದ್ರ?”

“ಇಳೀತದ ಅಂದ್ನಲ್ಲ!”

ಅವಳು ಕೂತಳು. ಅವನು ಹೊಡೆದು ಕೂರಿಸಲಿಲ್ಲ, ಕೈ ಹಿಡಿದು ಎಳೆಯಲಿಲ್ಲ. ಗದ್ದೆಯ ಆಸೆ ಅವಳಿಗೂ ಇತ್ತು. “ನಂಗೂ ಆಸೆ ಇತ್ತು ಕನವ್ವ, ಅವನ್ ಒಬ್ನ ಯಾಕ ಬಯ್ಯದು?” ಎಂದು ಅವಳೇ ನನಗೆ ಹೇಳಿದ್ದಾಳೆ. ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು, ನಡುಕ ಬಂದಾಗ ಅದುಮಿ ಹಿಡಿದು, ಇಳಿದಾಗ ಗರಿಗಾಳ ಕಟ್ಟಿದಳು. ಒಂದು ಮಧ್ಯಾಹ್ನ ಕೂಸು ಹಾಲು ಕುಡಿಯಲಿಲ್ಲ. ಬಿಸಿಲು ಇಳಿಯುವುದರೊಳಗೆ ಹೋಯಿತು. ಕೆಂಚನೇ ಗುಂಡಿ ತೋಡಿದ.

ಶಂಕರನ್ ಬರುವ ದಿನ ಬಂತು. ಆಚೆ ದಡದಿಂದ ಅದೇ ಕೂಗು, ಈಚೆ ದಡದಿಂದ ಅದೇ ಉತ್ತರ. ಆದರೆ ಅವತ್ತು ಅವನಿಗೆ ಅನುಮಾನ ಬಂತೋ ಏನೋ, ಇನ್ನೊಂದು ಮಾತು ಕೇಳಿದ.

“ಕುಟ್ಟಿ ಎಲ್ಲಿ? ಮಗುವಿನ ಸದ್ದೇ ಇಲ್ಲವಲ್ಲ?”

ಕರಿಯಪ್ಪ ಹೆಂಡತಿಯ ಕಡೆ ತಿರುಗಿದ. ಮಲ್ಲಿಗಮ್ಮನೇ ನೀರಿನ ಅಂಚಿಗೆ ಹೋಗಿ ಕೂಗಿ ಹೇಳಿದಳು. “ಅಜ್ಜಿ ಮನ್ಗ ಕಳ್ಸೀವಿ!”

ಸತ್ತ ಮಗುವನ್ನು ಅಜ್ಜಿಯ ಮನೆಗೆ ಕಳಿಸಿದವಳನ್ನು ನಾನು ಏನೆಂದು ಕರೆಯಲಿ? ಎಷ್ಟೋ ಸಲ ಯೋಚಿಸಿದ್ದೇನೆ. ಮಗು ಹೇಗೂ ಹೋಯಿತು, ಗದ್ದೆಯಾದರೂ ಉಳಿಯಲಿ ಎಂದು ಅವಳು ಅಂದುಕೊಂಡಿದ್ದರೆ ಬಯ್ಯುವ ಬಾಯಿ ನನಗಿಲ್ಲ.

ಚಳಿ ಶುರುವಾದಾಗ ಶಂಕರನ್ ಮೊದಲ ಸಲ ಹೊಳೆ ದಾಟಿ ಬಂದ. ಗುಡಿಸಲಿನ ಮುಂದೆ ಕಾಲು ಚಾಚಿ ಕೂತು ಕಾಫಿ ಕೇಳಿದ. ದೊರೆ ನಾಡಿದ್ದು ಬರುತ್ತಾರೆ, ಬಹಳ ಖುಷಿಯಲ್ಲಿದ್ದಾರೆ ಎಂದ. ತಾನೂ ಖುಷಿಯಲ್ಲಿದ್ದ. ಖುಷಿಯಲ್ಲಿರುವವರು ಹೇಳಬಾರದ್ದನ್ನು ಹೇಳಿಬಿಡುತ್ತಾರೆ.

“ನಿಮ್ಮನ್ನ ಯಾಕೆ ಇಲ್ಲಿ ಇಟ್ಟದ್ದು ಗೊತ್ತೋ? ಇಲ್ಲಿ ಪನಿ ಉಂಟೋ ಇಲ್ಲವೋ ನೋಡಲಿಕ್ಕೆ! ಕಾಡಿನವರನ್ನ ಇಟ್ಟರೆ ಪ್ರಯೋಜನ ಇಲ್ಲ, ಅವರಿಗೆ ತಾಗುವುದು ಕಮ್ಮಿ. ಬಯಲಿಂದ ಹೊಸದಾಗಿ ಬಂದವರಿಗೆ ವೇಗ ತಾಗುತ್ತದೆ. ಮರುನ್ನು ಕೊಡಬೇಡ, ಮದ್ದು ಕೊಟ್ಟರೆ ತಿಳಿಯುವುದಿಲ್ಲ ಅಂತ ದೊರೆ ಹೇಳಿದ್ದು. ನಿಮಗೇ ಬರಲಿಲ್ಲ ಅಂದರೆ ದೊರೆಗೆ ಎಲ್ಲಿಂದ ಬರುತ್ತದೆ!”

ಕರಿಯಪ್ಪ ಲೋಟ ಕೆಳಗಿಟ್ಟ. “ಬಂದಿದ್ರ?” ಎಂದ. “ಜರ ಬಂದದ ಅಂದಿದ್ರ ಯಾನಾಗದು ಸ್ವಾಮಿ?”

“ಏನಾಗುವುದು? ಮರುದಿನವೇ ಕೆಳಗೆ ಕರೆಸಿ ಮರುನ್ನು ಕೊಡುತ್ತಿದ್ದರು. ನೋಡಬೇಕಾದ್ದು ನೋಡಿ ಆಯಿತಲ್ಲ. ದೊರೆ ಬೇರೆ ಹೊಳೆಗೆ ಹೋಗುತ್ತಿದ್ದರು.”

“ಗದ್ದೆ?”

“ಗದ್ದೆ ಹೇಗೂ ನಿಮ್ಮದೇ. ದೊರೆ ಮಾತು ತಪ್ಪುವವರಲ್ಲ.”

ಶಂಕರನ್ ಕಾಫಿ ಕುಡಿದು, ಚೆನ್ನಾಗಿದೆ ಎಂದು ಹೇಳಿ, ಹೊಳೆ ದಾಟಿ ಹೋದ.

ಒಂದು ಮಾತು ಕೂಗಿದ್ದರೆ ಸಾಕಿತ್ತು. ಹೊಳೆಯ ಅಗಲದಷ್ಟು ದೂರ ಕೇಳುವ ಹಾಗೆ “ಬಂದದ” ಎಂದಿದ್ದರೆ ಮಗು ಉಳಿಯುತ್ತಿತ್ತು, ಗದ್ದೆಯೂ ಉಳಿಯುತ್ತಿತ್ತು. ಕರಿಯಪ್ಪ ತಲೆ ಚಚ್ಚಿಕೊಂಡು ಅತ್ತ. ಮಲ್ಲಿಗಮ್ಮ ಅಳಲಿಲ್ಲ. ಉಳಿದಿದ್ದ ಗರಿಗಾಳಗಳನ್ನು ಕಟ್ಟಿ ಮುಗಿಸಿದಳು.

ದೊರೆ ಬಂದ. ಬೆನ್ನ ಮೇಲೆ ಚೀಲ, ಕೈಯಲ್ಲಿ ಉದ್ದನೆಯ ಕೋಲು, ಮುಖವೆಲ್ಲ ಬೆವರು. ಜೊತೆಗೆ ದಾರಿ ತೋರಿಸಲು ಗೊತ್ತು ಮಾಡಿದ್ದ ಕೆಂಚ, ಬರಿಗೈಯಲ್ಲಿ. ದೊರೆ ಚೀಲ ಇಳಿಸಿ ಹೆಗಲು ಉಜ್ಜಿಕೊಂಡ. ಭಾರ ಅವನಿಗೆ ಹೆಚ್ಚಾಗಿತ್ತು. ಗರಿಗಾಳಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿ, ಮಗುವಿನಂತೆ ನಕ್ಕ. ಆಮೇಲೆ ಕರಿಯಪ್ಪನ ಕಡೆ ತಿರುಗಿ ತನಗೆ ಬರುತ್ತಿದ್ದ ನಾಲ್ಕು ಮಾತುಗಳಲ್ಲಿ ಕೇಳಿದ.

“ಪನಿ ಇಲ್ಲ? ಒಬ್ಬರಿಗೂ ಇಲ್ಲ?”

ಕರಿಯಪ್ಪ ಬಾಯಿ ತೆರೆದ. ಹೇಳಿಬಿಡುವುದಕ್ಕೇ ತೆರೆದದ್ದು. ಅದು ಮಲ್ಲಿಗಮ್ಮನಿಗೆ ಗೊತ್ತಾಯಿತು. ಅವಳು ಗಂಡನನ್ನು ಸರಿಸಿ ಮುಂದೆ ಬಂದಳು.

“ಇಲ್ಲ ದೊರೆ. ಇಲ್ಲಿ ಯಾರ್ಗೂ ಯಾನೂ ಆಗಿಲ್ಲ.”

ಮಗುವಿನ ಗುಂಡಿ ತೋಡಿದ್ದ ಕೆಂಚ ನೆಲ ನೋಡುತ್ತಾ ನಿಂತಿದ್ದ. ಅವನನ್ನು ಯಾರೂ ಕೇಳಲಿಲ್ಲ.

ದೊರೆ ಚೀಲ ಬಿಚ್ಚಿ ಸೊಳ್ಳೆಪರದೆಯನ್ನು ಹೊರಗೆ ತೆಗೆದ. ಮಾತ್ರೆಯ ಡಬ್ಬಿಯನ್ನೂ ತೆಗೆದ. ಚೀಲವನ್ನು ಒಂದು ಕೈಯಲ್ಲಿ ಎತ್ತಿ ನೋಡಿ ತಲೆಯಾಡಿಸಿದ. ಎರಡನ್ನೂ ಮಲ್ಲಿಗಮ್ಮನ ಕೈಗೆ ಕೊಟ್ಟು, ನೀವೇ ಇಟ್ಟುಕೊಳ್ಳಿ ಎಂದು ಸನ್ನೆ ಮಾಡಿದ. ಮಗಳನ್ನು ಉಳಿಸಬಹುದಾಗಿದ್ದ ಮಾತ್ರೆಗಳು ಹಾಗೆ ಅವಳ ಕೈಗೆ ಬಂದವು. ಅವಳು ಡಬ್ಬಿಯನ್ನು ಸೆರಗಿನಲ್ಲಿ ಹಿಡಿದುಕೊಂಡು, ದೊರೆ ಹಗುರವಾಗಿ ಮೇಲೆ ಹತ್ತಿ ಹೋಗುವುದನ್ನು ನೋಡಿದಳು.

ದೊರೆ ದೊಡ್ಡ ಮೀನು ಹಿಡಿದನಂತೆ. ಬಂಗಲೆಗೆ ಇಳಿದು ಬಂದು ಸ್ವಲ್ಪ ದಿನಕ್ಕೆ ನಡುಕ ಹತ್ತಿತು. ಮೇಲೆ ಎಲ್ಲೋ ತಗುಲಿರಬೇಕು, ಆ ಗಂಡ ಹೆಂಡತಿಯ ತಪ್ಪಲ್ಲ ಎಂದನಂತೆ. ಗದ್ದೆಯನ್ನು ಅವರಿಗೆ ಬಿಟ್ಟುಕೊಡಬೇಕೆಂದು ಶಂಕರನ್‌ಗೆ ಮತ್ತೆ ಮತ್ತೆ ಹೇಳಿದನಂತೆ. ಕಲ್ಲಿಕೋಟೆಗೆ ಕಾರಿನಲ್ಲಿ ಮಲಗಿಸಿಕೊಂಡು ಹೋಗುವಾಗ ಘಾಟಿಯಲ್ಲಿ ಪ್ರಾಣ ಬಿಟ್ಟ. ಗದ್ದೆ ಸಿಕ್ಕಿತು. ಕರಿಯಪ್ಪ ಅದರೊಳಗೆ ಕಾಲಿಡಲಿಲ್ಲ. ಬದುವಿನ ಮೇಲೆ ಕೂತು ಸಾರಾಯಿ ಕುಡಿದು ಕುಡಿದು ಸತ್ತ. ಅವಳೊಬ್ಬಳೇ ಕೆಲವು ವರ್ಷ ಬೇಸಾಯ ಮಾಡಿ, ಆಮೇಲೆ ಅದನ್ನು ಮಾರಿ ಮೀನಂಗಡಿ ಎಂಬ ನಮ್ಮ ಊರಿಗೆ ಬಂದು ನಮ್ಮ ಬೀದಿಯಲ್ಲಿ ಹೂ ಮಾರತೊಡಗಿದಳು.

ಮಕ್ಕಳೆಷ್ಟು ಎಂದು ಕೇಳಿದವರಿಗೆಲ್ಲ ಇಲ್ಲ ಎಂದಳು. ಇತ್ತು ಎಂದರೆ ಏನಾಯಿತು ಎನ್ನುತ್ತಾರೆ, ಜ್ವರ ಎಂದರೆ ಎಲ್ಲಿ ಎನ್ನುತ್ತಾರೆ. ಹಾಗಾಗಿ ಬೀದಿಗೆಲ್ಲ ಅವಳು ಬಂಜೆ ಮಲ್ಲಿಗಮ್ಮ ಆದಳು. ಯಾರ ಮನೆಯ ತೊಟ್ಟಿಲಿಗಾದರೂ ಹೂವು ಅವಳದೇ ಆಗಬೇಕು, ಅಷ್ಟು ಚಂದ ಕಟ್ಟುತ್ತಿದ್ದಳು. ಕೂಸನ್ನು ತೊಟ್ಟಿಲಿಗೆ ಹಾಕುವ ಹೊತ್ತಿಗೆ ಮಾತ್ರ ಅವಳು ಕಣ್ಣೆದುರು ಇರಬಾರದು.

ನನ್ನ ಮಗನ ತೊಟ್ಟಿಲ ಶಾಸ್ತ್ರದ ದಿನ ನಮ್ಮತ್ತೆ ಚಾಮುಂಡಮ್ಮ ಎಲ್ಲರ ಮುಂದೆ, “ಹೂವ ಕೊಟ್ಟಾಯ್ತಲ್ಲ, ಆಚ್ಗ ನಡಿ, ಬಂಜೆ ಕಣ್ಣು ಕೂಸಿನ್ ಮ್ಯಾಲ ಬೀಳದು ಬ್ಯಾಡ” ಎಂದರು. ನನಗೆ ಮೈಯೆಲ್ಲ ಉರಿಯಿತು. ಅತ್ತೆಯ ಜೊತೆ ಜಗಳ ಆಡಿ, ಹಸಿ ಬಾಣಂತಿ ಎನ್ನುವುದನ್ನೂ ಮರೆತು ಹಿತ್ತಿಲಿಗೆ ಹೋದೆ. ಅವಳು ಕಲ್ಲಿನ ಮೇಲೆ ಕೂತಿದ್ದಳು.

“ನಾನೂ ಒಂದ ಹೆತ್ತಿದ್ದಿ ಕನವ್ವ,” ಎಂದಳು. ಅವತ್ತೇ ಇದೆಲ್ಲವನ್ನೂ ಹೇಳಿದಳು.

“ಈಗಲೇ ಒಳಗೆ ಹೋಗಿ ಹೇಳ್ತೀನಿ,” ಎಂದು ನಾನು ಎದ್ದೆ. ಅವಳು ನನ್ನ ಕೈ ಹಿಡಿದು ಕೂರಿಸಿದಳು.

“ಹೇಳ್ಬ್ಯಾಡ. ದೊರೆ ಸತ್ನಲ್ಲ, ಅದ್ಕ ನಂಗ ಒಂದ್ ಚೂರೂ ಬ್ಯಾಸ್ರಿಲ್ಲ. ಆದ್ರ ಅವನ್ನ ಕೊಲ್ಲಕ ನಾನು ನನ್ ಕೂಸ್ಗ ಯಾನೂ ಆಗಿಲ್ಲ ಅಂದ್ಬುಟ್ಟಿ. ಆ ಮಾತ ನಾನೇ ಆಡಿದ್ದು. ಈಗ ಯಾವ ಬಾಯಲ್ಲಿ ಒಂದ್ ಕೂಸಿತ್ತು ಅನ್ಲಿ?”

ಒಳಗೆ ಹೆಂಗಸರು ತೊಟ್ಟಿಲು ತೂಗಿ ಹಾಡತೊಡಗಿದರು. ಮಲ್ಲಿಗಮ್ಮ ಬುಟ್ಟಿ ಎತ್ತಿಕೊಂಡು, ನಮ್ಮತ್ತೆಗೆ ಕಾಣದ ಹಾಗೆ ಹಿತ್ತಿಲ ಬಾಗಿಲಿನಿಂದ ಹೋದಳು.